ಸದಾಶಿವ ಪೇಠೆಯಲ್ಲಿ ಏಳು ದಿನದ ಮುಂಬೈ

ಕೆಲಸ ಬಂದದ್ದು ಮುಂಬೈಯಿಂದ. ಲೋಹಗಳನ್ನು ಪರೀಕ್ಷಿಸುವ ದೊಡ್ಡ ಪ್ರಯೋಗಾಲಯಕ್ಕೆ ಮುಖ್ಯಸ್ಥೆಯಾಗಿ ಬನ್ನಿ ಎಂದು ಕರೆದಿದ್ದರು. ಇರಲು ಮನೆಯನ್ನೂ ಕೊಡುತ್ತಿದ್ದರು, ಉತ್ತರ ಹೇಳಲು ಹತ್ತು ದಿನ. ನಾನು ಆ ಇ-ಮೇಲನ್ನು ಮೂರು ಸಲ ಓದಿ, ಹಿಗ್ಗಿ, ಒಂದು ಕಪ್ ಚಹಾ ಕುಡಿದು, ನಾಲ್ಕನೆಯ ಸಲ ಓದುವ ಮೊದಲೇ ಮನಸ್ಸಿನಲ್ಲಿ ಉತ್ತರ ಬರೆದು ಮುಗಿಸಿದ್ದೆ. 'ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಅವರಿಗೆ ಊರು ಬಿಡುವುದು ಕಷ್ಟ. ಕ್ಷಮಿಸಿ.'

ಈ ಉತ್ತರ ನನಗೆ ಬಾಯಿಪಾಠ. ಹನ್ನೆರಡು ವರ್ಷದ ಹಿಂದೆ ಚೆನ್ನೈಯವರು ಕರೆದಾಗ ಇದನ್ನೇ ಬರೆದಿದ್ದೆ. ಆಮೇಲೆ ಬರೋಡಾದವರಿಗೂ ಇದೇ ಪತ್ರ ಹೋಗಿತ್ತು, ಊರಿನ ಹೆಸರಷ್ಟೇ ಬೇರೆ. ಎಲ್ಲರೂ ಒಪ್ಪುವ ಕಾರಣ ಅದು. ಓದಿದವರು ಅಯ್ಯೋ ಪಾಪ ಎನ್ನುತ್ತಾರೆ, ಹೆಚ್ಚು ಕೇಳುವುದಿಲ್ಲ.

ನನ್ನ ಕೆಲಸವೆಂದರೆ ಎಳೆಯುವುದು. ಕಾರಿಗೆ, ಟ್ರ್ಯಾಕ್ಟರಿಗೆ ಹಾಕುವ ಬೋಲ್ಟುಗಳನ್ನು ಯಂತ್ರದಲ್ಲಿ ಎರಡೂ ಕಡೆ ಹಿಡಿದು, ತುಂಡಾಗುವವರೆಗೆ ಎಳೆದು, ಎಷ್ಟು ಭಾರಕ್ಕೆ ತುಂಡಾಯಿತು ಎಂದು ಬರೆಯುವುದು. ಪುಣೆಯ ಸದಾಶಿವ ಪೇಠೆಯಲ್ಲಿರುವ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹದಿನೈದು ನಿಮಿಷ. ಸಂಜೆ ಆರಕ್ಕೆ ನಾನು ಮಹಡಿಯ ಮೇಲಿನ ನಮ್ಮ ಗ್ಯಾಲರಿಯಲ್ಲಿ ಬೀದಿ ನೋಡುತ್ತ ಚಹಾದ ಮುಂದೆ ಕೂತಿರುತ್ತೇನೆ. ನನ್ನವರು ಪೇಠೆಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಪ್ರವೇಶ ಪರೀಕ್ಷೆಯ ಭಯವಿರುವ ಯಾವ ಊರಿಗೆ ಹೋದರೂ ಅವರಿಗೆ ಕೆಲಸ ಸಿಗುತ್ತದೆ. ಆದ್ದರಿಂದ ಅವರ ಹೆಸರು ಹೇಳಿ ನೌಕರಿ ಬೇಡವೆನ್ನಲು ಬರುವುದಿಲ್ಲ. ಮಗಳು ಬೇರೆ ಊರಲ್ಲಿ ಓದುತ್ತಾಳೆ, ಅವಳ ಹೆಸರೂ ಉಪಯೋಗಕ್ಕಿಲ್ಲ. ಉಳಿದವರು ಅತ್ತೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಮುಖದಲ್ಲಿ ತಕ್ಕಷ್ಟು ಸಂಕಟವನ್ನೂ ಸಿದ್ಧ ಮಾಡಿಕೊಂಡಿದ್ದೆ. "ಹೋಗೂದೇನು ಆಗೂದಿಲ್ಲ ಬಿಡ್ರಿ," ಎಂದೆ. "ನಿಮಗ ಮುಂಬೈ ಎಲ್ಲಿ ಒಗ್ಗತದ?"

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಧಾರವಾಡದಿಂದ ಮದುವೆಯಾಗಿ ಬಂದು ಐವತ್ತು ವರ್ಷದ ಮೇಲಾದರೂ ಅವರ ಕನ್ನಡಕ್ಕೆ ಪುಣೆಯ ಗಾಳಿ ತಗುಲಿಲ್ಲ. "ನೀ ದಿನಾ ಕಬ್ಬಿಣ ಎಳದು ನೋಡತೀದಿ ಹೌದಿಲ್ಲೋ?" ಎಂದರು. "ಎಳೀದನ ಹರೀತದ ಅಂತ ಬರೀತೀಯೇನು?"

"ಇಲ್ರಿ."

"ಮತ್ತ? ನಮ್ಮನ್ನೂ ಒಂದು ವಾರ ಎಳದು ನೋಡು, ಇಲ್ಲೇ ಮುಂಬೈದಾಗ ಇದ್ದಂಗ ಇರೂಣು. ಹರದ್ರ ಬ್ಯಾಡ. ಹರೀಲಿಲ್ಲಂದ್ರ ಹೋಗೂಣು."

ನನ್ನವರು ಹುಡುಗರಂತೆ ಖುಷಿಯಾದರು. ಮುಂಬೈಯವರು ಕಳಿಸಿದ್ದ ಮನೆಯ ನಕ್ಷೆಯನ್ನು ಮುದ್ರಿಸಿ ತಂದು, ಟೇಪು ಹಿಡಿದು, ನಮ್ಮ ಮನೆಯಲ್ಲಿ ಅಷ್ಟೇ ಜಾಗ ಎಲ್ಲಿಗೆ ಮುಗಿಯುತ್ತದೆ ಎಂದು ಅಳೆದರು. ಅತ್ತೆ ಹಿಂದಿನಿಂದ ರಂಗೋಲಿ ಪುಡಿ ಬಿಡುತ್ತ ಬಂದರು. ಗೆರೆ ಪಡಸಾಲೆಯ ನಡುವೆ ಹಾದು, ದೇವರ ಗೂಡನ್ನು ಒಳಗೆ ಹಾಕಿಕೊಂಡು, ಅಡುಗೆಮನೆಯನ್ನು ಸುತ್ತಿ ಬಂದಿತು. ನಮ್ಮ ಮಲಗುವ ಕೋಣೆ, ಮಗಳ ಕೋಣೆ, ಗ್ಯಾಲರಿ, ಮೂರೂ ಗೆರೆಯಾಚೆ ಪುಣೆಯಲ್ಲೇ ಉಳಿದವು. ಬಚ್ಚಲೂ ಆಚೆಯೇ ಉಳಿಯಿತು ಎನ್ನುವುದು ಎಲ್ಲ ಮುಗಿದ ಮೇಲೆ ಗೊತ್ತಾಯಿತು.

"ನಕ್ಷಾದಾಗ ಬಚ್ಚಲ ಅದ," ಎಂದು ಇವರು ಸಮರ್ಥಿಸಿಕೊಂಡರು. "ನಮ್ಮನ್ಯಾಗ ಅದು ತಪ್ಪ ಜಾಗಾದಾಗ ಅದ."

ಕೊನೆಗೆ ಒಂದು ನಿಯಮ ಮಾಡಿದೆವು. ಬಚ್ಚಲಿಗೆ ಹೋಗುವವರು "ಪುಣೆಗೆ ಹೋಗಿ ಬರತೇನಿ" ಎಂದು ಹೇಳಿ ಗೆರೆ ದಾಟಬೇಕು. ಮೊದಲ ದಿನವೇ ಇವರು ಆರು ಸಲ ಪುಣೆಗೆ ಹೋಗಿ ಬಂದರು.

ನನ್ನ ಪಾಲಿಗೆ ಪ್ರಯಾಣ ಬಂತು. ಅಲ್ಲಿ ಮನೆಯಿಂದ ಪ್ರಯೋಗಾಲಯಕ್ಕೆ ಎರಡು ತಾಸು, ಎರಡು ಕಡೆ ಗಾಡಿ ಬದಲಿಸಬೇಕು. ಅದಕ್ಕೆ ಸಮನಾಗಿ ನಾನು ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟು, ಸ್ವಾರಗೇಟಿನಿಂದ ಬಸ್ಸು ಹಿಡಿದು ಊರ ಆಚೆ ತುದಿಯ ನಿಗಡಿಗೆ ಹೋಗಿ, ಅಲ್ಲಿಂದ ಹಾಗೇ ತಿರುಗಿ ಬಂದು, ಹದಿನೈದು ನಿಮಿಷದ ದಾರಿಯಲ್ಲಿರುವ ನನ್ನ ಆಫೀಸಿಗೆ 'ಮುಂಬೈ ತಲುಪಿದೆ' ಎಂದು ಕಾಲಿಡಬೇಕು. ಸಂಜೆಯೂ ಇದೇ ಸೇವೆ. ಇವರು ಇನ್ನೊಂದು ಕಲಮು ಸೇರಿಸಿದರು: ಸೀಟು ಸಿಕ್ಕರೂ ಕೂಡುವಂತಿಲ್ಲ.

ಬೆಳಗಿನ ಆರೂವರೆಯ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ನಾನೊಬ್ಬಳು ಕಂಬ ಹಿಡಿದು ನಿಂತಿದ್ದೆ. ಕಂಡಕ್ಟರು "ಬಸಾ ನಾ ತಾಈ, ಜಾಗಾ ಆಹೆ," ಎಂದು ಖಾಲಿ ಸೀಟು ತೋರಿಸಿದ. ಬೇಡವೆಂದೆ. ಎರಡನೆಯ ದಿನವೂ ಕೂಡ್ರಿ ಎಂದ, ಬೇಡವೆಂದೆ. ಮೂರನೆಯ ದಿನ ಕರುಣೆಯಿಂದ ನೋಡಿ, ಮೂಲವ್ಯಾಧಿಗೆ ತನ್ನ ಹಳ್ಳಿಯ ಕಡೆ ಕೊಡುವ ಔಷಧದ ಬಗ್ಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ನಾನು ಅವನಿಗೆ ಧನ್ಯವಾದ ಹೇಳಿದೆ, ಮತ್ತೇನು ಹೇಳುವುದು.

ನಿಗಡಿಯಲ್ಲಿ ಇಳಿದು ಚಹಾ ಕುಡಿಯುತ್ತಿದ್ದ ಹೋಟೆಲು ದಕ್ಷಿಣ ಕನ್ನಡದವರದು. ನಾಲ್ಕನೆಯ ದಿನ ಮಾಲೀಕರು ತಡೆಯಲಾಗದೆ ಕೇಳಿಯೇಬಿಟ್ಟರು. "ಎಂತ ಮೇಡಂ, ದಿನಾ ಬರ್ತೀರಿ, ಹತ್ತು ನಿಮಿಷ ಕೂತು ಅದೇ ಬಸ್ಸಲ್ಲಿ ವಾಪಸ್ ಹೋಗ್ತೀರಿ. ಇಲ್ಲಿ ಆಸ್ಪತ್ರೆಯಲ್ಲಿ ಯಾರಾದ್ರೂ ಇದ್ದಾರಾ?"

ನಾನು ವಿಷಯ ಹೇಳಿದೆ. ಅವರು ನಗಲಿಲ್ಲ. "ಮುಂಬೈಯಲ್ಲಿ ನಾನು ಹದಿನೆಂಟು ವರ್ಷ ಇದ್ದೆ. ಒಳ್ಳೆ ಊರು. ಸಣ್ಣ ಜಾಗ, ದೂರದ ಕೆಲಸ, ಎಲ್ಲ ಅಭ್ಯಾಸ ಆಗ್ತದೆ," ಎಂದರು. ಆಮೇಲೆ ಟೇಬಲ್ಲು ಒರೆಸುತ್ತ, "ಅಭ್ಯಾಸ ಆಗ್ತದಾ ಅಂತ ನೋಡ್ಲಿಕ್ಕೆ ಒಂದು ವಾರ ಯಾಕೆ? ನಿಮಗೆ ಹೋಗ್ಲಿಕ್ಕೆ ಆಸೆ ಉಂಟಾ ಇಲ್ವಾ, ಅದು ಹೇಳಿ," ಎಂದರು. ನಾನು ಬಸ್ಸು ಹೊರಡುತ್ತದೆ ಎಂದು ಎದ್ದೆ. ಬಸ್ಸು ಹೊರಡಲು ಇನ್ನೂ ಎಂಟು ನಿಮಿಷವಿತ್ತು.

ಆಸೆ ಇರಲಿಲ್ಲವೆಂದಲ್ಲ. ಆ ಪ್ರಯೋಗಾಲಯದಲ್ಲಿ ಉಕ್ಕನ್ನು ಕೆಂಪಗೆ ಕಾಯಿಸಿ ಎಳೆಯುವ ಯಂತ್ರವಿದೆ. ನಾನು ಅದರ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಹತ್ತೊಂಬತ್ತು ವರ್ಷದಿಂದ ಅದೇ ಬೋಲ್ಟು, ಅದೇ ಯಂತ್ರ. ನನ್ನ ಕೈಕೆಳಗೆ ಕಲಿತವರು ಇಬ್ಬರು ಈಗ ನನಗಿಂತ ದೊಡ್ಡ ಕುರ್ಚಿಯಲ್ಲಿದ್ದಾರೆ. ಒಬ್ಬನಂತೂ ಸಿಕ್ಕಾಗಲೆಲ್ಲ ಕಾಲಿಗೆ ನಮಸ್ಕಾರ ಮಾಡುತ್ತಾನೆ. ಆಗ ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುತ್ತದೆ.

ಇತ್ತ ಮನೆಯಲ್ಲಿ ನಾನು ಕಾಯುತ್ತಿದ್ದದ್ದು ಅತ್ತೆಯ ಒಂದು ದೂರಿಗೆ. ದೊಡ್ಡದೇನೂ ಬೇಡ, 'ಕಾಲು ನೋಯತಾವ' ಎಂದರೆ ಸಾಕಿತ್ತು. ಅವರು ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ಮಲಗುವ ಪ್ರಾಣಿ. ಪೇಠೆಯ ಅಂಗಡಿಗಳೆಲ್ಲ ಆ ಹೊತ್ತಿಗೆ ಬಾಗಿಲು ಹಾಕುವುದು ತಮ್ಮ ನಿದ್ದೆ ಕೆಡದಿರಲೆಂದೇ ಎಂಬಷ್ಟು ನೆಮ್ಮದಿಯಿಂದ ಮಲಗುತ್ತಾರೆ. ಆ ನಿದ್ದೆಯನ್ನು ತಾವಾಗಿಯೇ ಬಿಟ್ಟರು. "ಮುಂಬೈದಾಗ ಯಾರು ಮಧ್ಯಾಹ್ನ ಮಲಗತಾರ?" ಎಂದು ಗೆರೆಯೊಳಗೆ ಕೂತು ರೈಲು ನಿಲ್ದಾಣಗಳ ಹೆಸರು ಬಾಯಿಪಾಠ ಮಾಡತೊಡಗಿದರು. ಮೂರನೆಯ ದಿನ ಸಂಜೆ ದೀಪ ಹಚ್ಚಿ, ದೇವರ ನಾಮ ಮುಗಿಸಿ, ಅದೇ ಧಾಟಿಯಲ್ಲಿ ದಾದರ, ಕುರ್ಲಾ, ಘಾಟ್ಕೋಪರ, ಠಾಣೆ ಎಂದು ಹೇಳಿ ಕೈಮುಗಿದರು.

ಗ್ಯಾಲರಿ ಗೆರೆಯಾಚೆ ಇದ್ದುದರಿಂದ ತುಳಸಿಗೆ ನೀರು ಹಾಕುವುದು ಸಮಸ್ಯೆಯಾಯಿತು. ಬಚ್ಚಲಿನ ರಿಯಾಯಿತಿ ತುಳಸಿಗೆ ಬೇಡವೆಂದು ಅವರೇ ಹಟ ಹಿಡಿದು, ಮಗ್ಗಿಗೆ ಕೋಲು ಕಟ್ಟಿ ಒಳಗಿನಿಂದಲೇ ಚಾಚಿದರು. ಅರ್ಧ ನೀರು ಕೆಳಗಿನ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಪುಣೆಯಲ್ಲಿ ಇಂಥದಕ್ಕೆ ಯಾರೂ ಮೇಲೆ ಬಂದು ಜಗಳವಾಡುವುದಿಲ್ಲ, ಬೋರ್ಡು ಬರೆಯುತ್ತಾರೆ. ಮರುದಿನ ಮೆಟ್ಟಿಲ ಬಳಿ ದುಂಡನೆಯ ಮರಾಠಿ ಅಕ್ಷರದಲ್ಲಿ ಕಾಗದವಿತ್ತು: 'ತುಳಸಿಗೆ ನೀರು ಹಾಕಿದರೆ ಪುಣ್ಯ ಬರುತ್ತದೆ. ಹಪ್ಪಳಕ್ಕೆ ಹಾಕಿದರೆ ಬರುವುದಿಲ್ಲ. ಮೇಲಿನವರು ವ್ಯತ್ಯಾಸ ತಿಳಿಯುವುದು.' ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡು ಮೆಚ್ಚಿ, ಕೆಳಗಿನವರಿಗೆ ಒಂದು ಡಬ್ಬಿ ಶೇಂಗಾ ಚಟ್ನಿ ಕಳಿಸಿದರು.

ಪ್ರತಿ ಸಂಜೆ ಎಂಟಕ್ಕೆ ನಾನು ಕಾಲೆಳೆಯುತ್ತ ಬಂದು ಕೇಳುತ್ತಿದ್ದೆ. "ತ್ರಾಸೇನು ಆಗಲಿಲ್ಲೇನ್ರಿ?"

"ಇಲ್ಲವ್ವಾ. ಭಾಳ ಆರಾಮ ಅದ."

ಆ ಆರಾಮ ಕೇಳಿ ಕೇಳಿ ನನಗೆ ಸಿಟ್ಟು ಬರತೊಡಗಿತು. ಐದನೆಯ ದಿನವಂತೂ ಬಾಯಿ ತಪ್ಪಿ, "ಸ್ವಲ್ಪರೆ ಆಗಿರಬೇಕಲ್ರಿ," ಎಂದುಬಿಟ್ಟೆ. ಇವರು ಪತ್ರಿಕೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು.

ಆರನೆಯ ಸಂಜೆ ನಾನು ಬಂದಾಗ ಅತ್ತೆ ತಮ್ಮ ಸೀರೆಗಳನ್ನು ಎರಡು ಗುಡ್ಡೆ ಮಾಡಿ ಕೂತಿದ್ದರು. ಒಯ್ಯುವವು, ಕೊಟ್ಟುಬಿಡುವವು. "ನನಗೇನೂ ಹರೀಲಿಲ್ಲ ನೋಡು," ಎಂದರು. "ಯಾವಾಗ ಹೋಗೂಣು?"

ನಾನು ಗೆರೆಯ ಮೇಲೆಯೇ ನಿಂತುಬಿಟ್ಟೆ, ಅರ್ಧ ಮುಂಬೈ, ಅರ್ಧ ಪುಣೆ. "ನಿಮಗ ಈ ಊರು ಬಿಟ್ಟು ಹೋಗಲಿಕ್ಕೆ ಮನಸ್ಸು ಬರತದೇನ್ರಿ? ಇಷ್ಟು ವರ್ಷ ಇದ್ದ ಜಾಗಾ..."

"ನನ್ನ ಮನಸ್ಸು ಹೇಳಿದೆ. ಈಗ ನಿಂದು ಹೇಳು."

ನಾನು ಹೆಗಲ ಚೀಲವನ್ನು ಕೆಳಗಿಟ್ಟೆ. ಅತ್ತೆ ಒಂದು ಸೀರೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ದನಿ ಏರಲಿಲ್ಲ. "ಚೆನ್ನೈದು ನನ್ನ ಹೆಸರಲೆ ಬಿಟ್ಟಿ. ಆಮ್ಯಾಲೆ ಬರೋಡಾದ್ದೂ ನನ್ನ ಹೆಸರಲೆ ಬಿಟ್ಟಿ. ಒಂದು ಸಲಾನೂ ನನ್ನ ಕೇಳಲಿಲ್ಲ. ಧಾರವಾಡಕ್ಕ ಲಗ್ನಕ್ಕ ಹೋದ್ರ ನನ್ನ ತಂಗಿ ನಾಕು ಮಂದಿ ಮುಂದ ಅಂತಾಳ, 'ಅಕ್ಕ ಸೊಸಿನ್ನ ಕಟ್ಟಿ ಹಾಕ್ಯಾಳ' ಅಂತ. ಹನ್ನೆರಡು ವರ್ಷ ಆತು. ಇರಲಿ, ಹುಡುಗಿ ಆರಾಮ ಇರಲಿ ಅಂತ ಸುಮ್ಮನಿದ್ದೆ. ಈ ಸಲ ಬ್ಯಾಡ ಅನ್ನೂದಿದ್ರ ನಿನ್ನ ಹೆಸರಲೆ ಅನ್ನು."

ನನಗೆ ಬಹಳ ನಾಚಿಕೆಯಾಯಿತು. ಅತ್ತೆ ಕೆಟ್ಟವರೆಂದು ನಾನು ಎಂದೂ ಯಾರಿಗೂ ಹೇಳಿರಲಿಲ್ಲ. ಒಳ್ಳೆಯವರು, ಪಾಪ, ವಯಸ್ಸಾಗಿದೆ ಎಂದೇ ಹೇಳುತ್ತಿದ್ದೆ. ಹೇಳುವಾಗ ಸಣ್ಣ ನಿಟ್ಟುಸಿರನ್ನೂ ಸೇರಿಸುತ್ತಿದ್ದೆ. ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಿದ್ದರು.

ಏಳನೆಯ ದಿನ ರವಿವಾರ, ಬಸ್ಸಿಗೆ ರಜೆ. ಮರುದಿನ ಉತ್ತರ ಕೊಡಬೇಕು. ಗೆರೆಯೊಳಗೆ ಕೂತು ಆಚೆಯ ಗ್ಯಾಲರಿಯನ್ನು ನೋಡುತ್ತ ನನಗೆ ಸರಳವಾದ ಒಂದು ಸಂಗತಿ ಹೊಳೆಯಿತು. ಆ ವಾರವಿಡೀ ಬಸ್ಸಿನಲ್ಲಿ ನಿಂತು ನಾನು ನೆನೆಸಿಕೊಂಡದ್ದು ಉಕ್ಕು ಕಾಯಿಸಿ ಎಳೆಯುವ ಆ ಯಂತ್ರವನ್ನಲ್ಲ, ಸಂಜೆ ಆರರ ಚಹಾವನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ನನ್ನ ಹಾಸಿಗೆ ನನ್ನ ಕಾಲಿಗೆ ಸರಿಯಾಗಿಯೇ ಇತ್ತು, ಬೇಕೆಂದು ಅಳತೆ ಕೊಟ್ಟು ಹೊಲಿಸಿಕೊಂಡದ್ದು. ಬೇರೆ ಯಾರೋ ಕತ್ತರಿಸಿ ಗಿಡ್ಡ ಮಾಡಿದ್ದಾರೆ ಎಂದು ಲೋಕಕ್ಕೆ ಹೇಳುತ್ತಿದ್ದೆ, ಅಷ್ಟೇ. ದುಡಿಯುವ ಹೆಂಗಸು 'ಮನೆಯವರಿಗಾಗಿ ಬಿಟ್ಟೆ' ಎಂದರೆ ಜನ ಮರ್ಯಾದೆ ಕೊಡುತ್ತಾರೆ, 'ಸುಖವಾಗಿದ್ದೇನೆ, ಬೇಡ' ಎಂದರೆ ಸೋಮಾರಿ ಎನ್ನುತ್ತಾರೆ. ಆ ಸೋಮಾರಿ ಎಂಬ ಮಾತಿಗೆ ನಾನು ಹೆದರಿದ್ದೆ.

ಉತ್ತರ ಬರೆದು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. 'ನನ್ನ ಮನೆಯಲ್ಲಿ ಯಾವ ಅಡಚಣೆಯೂ ಇಲ್ಲ. ಎಲ್ಲರೂ ಬರಲು ತಯಾರಿದ್ದಾರೆ. ನನಗೇ ಪುಣೆಯಲ್ಲಿ ಇರಬೇಕೆನಿಸುತ್ತದೆ.' ಕಳಿಸುವ ಗುಂಡಿ ಒತ್ತುವ ಮೊದಲು ಆ ಯಂತ್ರದ ಚಿತ್ರವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. ಈಗಲೂ ಒಮ್ಮೊಮ್ಮೆ ನೋಡುತ್ತೇನೆ.

ಅತ್ತೆ ತಲೆದೂಗಿದರು. "ಚಲೋ ಆತು. ಈಗ ಇದನ್ನ ಧಾರವಾಡಕ್ಕೂ ಹೇಳು."

ಇವರು ತಾವೇ ಚಿಗವ್ವನಿಗೆ, ಅಂದರೆ ಅತ್ತೆಯ ಆ ತಂಗಿಗೆ, ಫೋನು ಹಚ್ಚಿ ಸ್ಪೀಕರ್ ಹಾಕಿ ಗೆರೆಯ ಮೇಲಿಟ್ಟರು. ನಾನು ಒಂದೂ ಬಿಡದೆ ಹೇಳಿದೆ. ನೌಕರಿ ಬಂದಿತ್ತು, ಅತ್ತಿ ಸೀರಿ ಸಹಾ ಕಟ್ಟಿ ಕೂತಿದ್ರು, ನಾನ ಬ್ಯಾಡಂದೆ. ಚೆನ್ನೈದು, ಬರೋಡಾದ್ದು, ಅವೂ ನಾನ ಬ್ಯಾಡ ಅಂದದ್ದು ಚಿಗವ್ವಾ, ಅತ್ತಿಯವರಲ್ಲ.

ಆ ಕಡೆ ಚಿಗವ್ವ ಎಲ್ಲ ಕೇಳಿಸಿಕೊಂಡರು. ಆಮೇಲೆ ದನಿ ಇಳಿಸಿ, ತುಂಬ ಅಂತಃಕರಣದಿಂದ ಕೇಳಿದರು. "ಪಾಪ. ಅಕ್ಕ ಅಲ್ಲೇ ಎದುರಿಗೆ ಕೂತಾಳೇನು? ಆಮ್ಯಾಲೆ ಹಚ್ಚವಾ, ಮಾತಾಡೂಣು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಯುವಷ್ಟು ನಕ್ಕರು. ಇವರೂ ನಕ್ಕರು. ನನಗೆ ನಗು ಬರಲಿಲ್ಲ. ಚಿಗವ್ವನಿಗೆ ಆ ನಂಬಿಕೆಯನ್ನು ಹನ್ನೆರಡು ವರ್ಷ ಕೂತು ಕಲಿಸಿದವಳು ನಾನು. "ಆಮ್ಯಾಲೆ ಅಲ್ಲ ಚಿಗವ್ವಾ, ಈಗ ಕೇಳ್ರಿ," ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದೆ.