ಕುಡಿಸದೇ ಹೋದ ಒಂದು ಚಮಚ

ಕಳೆದ ತಿಂಗಳು ಮೊಮ್ಮಗನಿಗೆ ಚುಚ್ಚುಮದ್ದು ಹಾಕಿಸಲು ಶಿಕಾರಿಪುರದ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ನರ್ಸ್ ಒಂದು ಕಂದು ಬಾಟಲಿಯ ಮುಚ್ಚಳ ತೆರೆದರು. ಪೆಪ್ಪರಮೆಂಟಿನಂಥ ವಾಸನೆ, ಅದರ ಹಿಂದೆಯೇ ಎಣ್ಣೆಯ ಜಿಡ್ಡು... 'ಎ' ಜೀವಸತ್ವದ ಔಷಧಿ. ಎಷ್ಟೋ ವರ್ಷಗಳ ಮೇಲೆ ನಮ್ಮ ನರ್ಸಮ್ಮ ನೆನಪಾದರು.

ತೊಂಬತ್ತರ ದಶಕದಲ್ಲಿ ನಾನು ತೊಗರ್ಸಿ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ನರ್ಸಮ್ಮ ಸೊರಬದವರು. ವಾರಕ್ಕೊಮ್ಮೆ ಶಿರಾಳಕೊಪ್ಪದಿಂದ ಬಸ್ಸಿಗೆ ಬಂದು, ಲಸಿಕೆಯ ಡಬ್ಬಿ ಹೆಗಲಿಗೇರಿಸಿ ಮನೆಮನೆ ತಿರುಗುತ್ತಿದ್ದರು. ಮಾತು ಕಡಿಮೆ. ಯಾವ ಮಗು ಎದುರಾದರೂ ಮೊದಲು ರೆಪ್ಪೆ ಬಿಡಿಸಿ ನೋಡುವುದು ಅವರ ಅಭ್ಯಾಸ. ಕಣ್ಣಿನ ಬಿಳಿಭಾಗ ಒಣಗಿದ್ದರೆ, ಅದರ ಮೇಲೆ ಸೋಪಿನ ನೊರೆಯಂಥ ಮಚ್ಚೆ ಕಂಡರೆ, ತಾಯಿಯನ್ನು ಕೂರಿಸಿಕೊಂಡು ನುಗ್ಗೆಸೊಪ್ಪು, ಪಪ್ಪಾಯಿ ತಿನ್ನಿಸಲು ಹೇಳುತ್ತಿದ್ದರು. ಆರು ತಿಂಗಳಿಗೊಮ್ಮೆ ಚಿಕ್ಕ ಮಕ್ಕಳಿಗೆಲ್ಲ ಆ ಔಷಧಿ ಒಂದೊಂದು ಚಮಚ.

ಒಂದು ಸಲ ಅವರು ರಜೆಯ ಮೇಲೆ ಹೋಗುವಾಗ ಬಾಟಲಿಯನ್ನು ನನಗೆ ಒಪ್ಪಿಸಿದರು. ಎಲ್ಲ ಮಕ್ಕಳಿಗೂ ಕುಡಿಸಿದೆ, ಒಬ್ಬಳನ್ನು ಬಿಟ್ಟು. ಕುರಿ ಸಾಕುವವರ ಮನೆಯ ಮೂರು ವರ್ಷದ ಹುಡುಗಿ ಅವಳು. ಆ ಮನೆಯವರು ಕುರಿ ಹೊಡೆದುಕೊಂಡು ಉಡುತಡಿ ಕಡೆಯ ಹೊಲಗಳಲ್ಲಿ ಬೀಡುಬಿಟ್ಟಿದ್ದರು. ಅಲ್ಲಿಗೆ ಹುಡುಕಿಕೊಂಡು ಹೋಗಲು ನನಗೆ ಬೇಸರ. ಸೂಪರ್‌ವೈಸರ್ ಮೇಡಂ ರಿಜಿಸ್ಟರ್ ನೋಡಲು ಬರುವವರಿದ್ದರು. ಅವಳ ಹೆಸರಿನ ಮುಂದೆಯೂ ಕುಡಿಸಿದೆ ಎಂದು ಗುರುತು ಹಾಕಿಬಿಟ್ಟೆ. ಆ ಮನೆಯವರು ಊರಿಗೆ ವಾಪಸು ಬಂದಾಗ ಕುಡಿಸಿದರಾಯಿತು ಎಂದುಕೊಂಡಿದ್ದೆ... ಮರೆತೇಹೋಯಿತು.

ಎರಡು ತಿಂಗಳ ಮೇಲೆ ಅವಳ ತಾಯಿ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಬಂದಳು. ಹೊಲದಲ್ಲಿದ್ದಾಗಲೇ ದಡಾರ ಎದ್ದು ಇಳಿದಿತ್ತು. ಭೇದಿಯೂ ಆಗಿ ಮಗು ಕಡ್ಡಿಯಾಗಿತ್ತು. ಅವತ್ತು ನರ್ಸಮ್ಮನೂ ಅಲ್ಲೇ ಇದ್ದರು.

"ಹೊತ್ತು ಮುಳುಗಿದ್ರ ಈಕಿಗೆ ಏನೂ ಕಾಣ್ತಿದ್ದಿಲ್ರೀ ಅಕ್ಕಾರೆ. ನನ್ನ ಸೆರಗು ಬಿಡ್ತಿದ್ದಿಲ್ಲ. ಈಗ ಹಗಲೊತ್ನಾಗೂ ಕಣ್ಣೇ ಬಿಡವಲ್ಲಳು," ಎಂದಳು ತಾಯಿ.

ನರ್ಸಮ್ಮ ರೆಪ್ಪೆ ಬಿಡಿಸಿದರು. ಬಲಗಣ್ಣಿನ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ ಮೆತ್ತಗಾಗಿ ಬೆಳ್ಳಗೆ ಕದಡಿತ್ತು. ಎಡಗಣ್ಣು ಒಣಗಿ ಮಂಕಾಗಿತ್ತು.

"ಈ ಮಗೀಗೆ ಔಷಧಿ ಕುಡ್ಸಿದ್ಯಲ್ಲ?" ಎಂದು ನನ್ನನ್ನು ಕೇಳಿದರು.

"ರಿಜಿಸ್ಟರಲ್ಲಿ ಬರೆದಿದೀನಿ," ಎಂದೆ.

"ರಿಜಿಸ್ಟರ್ ಯಾರು ಕೇಳಿದ್ರು? ಬಾಯಿಗೆ ಹೋಗಿದ್ಯಾ ಇಲ್ವಾ, ಅದು ಹೇಳು ಮಾರಾಯ್ತಿ."

"ಇಲ್ಲ."

ತಾಯಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನರ್ಸಮ್ಮ ಬೈಯಲಿಲ್ಲ. ಅಲ್ಲೇ ಒಂದು ಚಮಚ ಕುಡಿಸಿ, ಕಣ್ಣಿಗೆ ಯಾವ ಸೊಪ್ಪಿನ ರಸವನ್ನೂ ಬಿಡಬೇಡ ಎಂದು ತಾಯಿಗೆ ಹೇಳಿ, ನಮ್ಮನ್ನೆಲ್ಲ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರುದಿನ ಅಲ್ಲಿ ಇನ್ನೊಂದು ಚಮಚ. ಜೊತೆಗೆ ಕಣ್ಣಿಗೆ ಮುಲಾಮು, ಪಟ್ಟಿ. ಎಡಗಣ್ಣು ಉಳಿಯಿತು. ಬಲಗಣ್ಣಿಗೆ ಹೂವು ಬಿದ್ದು ದೃಷ್ಟಿ ಹೋಯಿತು. ಇನ್ನೆರಡು ದಿನ ತಡವಾಗಿದ್ದರೆ ಎರಡೂ ಹೋಗುತ್ತಿದ್ದವು ಎಂದರು ಡಾಕ್ಟರು. ಎರಡು ವಾರದ ಮೇಲೆ ಮೂರನೆಯ ಚಮಚ ಕುಡಿಸಲು ನರ್ಸಮ್ಮ ಕುರಿಹಟ್ಟಿಗೇ ನಡೆದು ಹೋದರು. ನಾನೂ ಹಿಂದೆ ಹೋದೆ.

ಆಮೇಲೆ ಅವರು ರಿಜಿಸ್ಟರ್ ತೆಗೆಸಿ, ನನ್ನ ಗುರುತನ್ನು ಹೊಡೆದು ಹಾಕಿ, 'ಕುಡಿಸಿಲ್ಲ' ಎಂದು ಬರೆದರು. "ಸಹಿ ಹಾಕು," ಎಂದರು. ಹಾಕಿದೆ. ನೋಟಿಸ್ ಬಂತು, ಕೆಲಸ ಉಳಿಯಿತು. ಅಲ್ಲಿಂದ ಮುಂದೆ ಯಾವ ಮನೆಯವರು ಎಲ್ಲೇ ಬೀಡುಬಿಟ್ಟಿರಲಿ, ಬಾಟಲಿ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ನರ್ಸಮ್ಮ ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಒಂದೆರಡು ವರ್ಷಕ್ಕೆ ಅವರಿಗೆ ಸೊರಬದ ಕಡೆ ವರ್ಗವಾಯಿತು. ಹೋಗಿ ನೋಡಿ ಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಅವರು ತೀರಿಕೊಂಡ ಸುದ್ದಿ ಕೂಡ ನನಗೆ ತಲುಪಿದ್ದು ತಡವಾಗಿ.

ಆ ಹುಡುಗಿಯನ್ನು ಶಿರಾಳಕೊಪ್ಪಕ್ಕೆ ಕೊಟ್ಟಿದ್ದಾರೆ. ಎರಡು ಮಕ್ಕಳ ತಾಯಿ. ಹೋದ ವಾರ ಸಂತೆಯಲ್ಲಿ ಸಿಕ್ಕಳು. ಮುಖವನ್ನು ತುಸು ಬಲಕ್ಕೆ ತಿರುಗಿಸಿ, ಎಡಗಣ್ಣಿನಿಂದ ನನ್ನನ್ನು ಗುರುತು ಹಿಡಿದಳು. ಅವಳ ತಾಯಿಯೂ ಈಗ ಇಲ್ಲ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಅವತ್ತು ಹೇಳಿಬಿಟ್ಟೆ: ಆ ಔಷಧಿ ನಿನಗೆ ಕುಡಿಸಿರಲಿಲ್ಲ, ಕುಡಿಸಿದೆ ಅಂತ ಬರೆದಿದ್ದೆ.

"ಗೊತ್ತೈತ್ರೀ ಅಕ್ಕಾರೆ. ಅವ್ವ ಹೇಳಿದ್ಲು," ಎಂದಳು.

ಸಂತೆಯ ಚೀಲ ಎತ್ತಿಕೊಂಡು ಹೋದಳು. ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಇದನ್ನು ನರ್ಸಮ್ಮನಿಗೆ ಹೇಳಬೇಕೆನ್ನಿಸಿತು. ಹೇಳಲು ಅವರಿಲ್ಲ.