ದನಿ ಹೋದ ಮೇಲೆ

ಮಾರೇನಹಳ್ಳಿಯ ನಮ್ಮ ವಠಾರದಲ್ಲಿ ಕೊನೆಯ ಮನೆ ಉಗ್ರಪ್ಪನವರದು. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸುವ ಕೆಲಸ ಮಾಡಿ ಸಾವಿರದ ಒಂಬೈನೂರ ಎಪ್ಪತ್ತರ ಸುಮಾರಿಗೆ ನಿವೃತ್ತರಾಗಿ ಬಂದವರು. ಹುಟ್ಟೂರು ಹೊಳಲ್ಕೆರೆ ಕಡೆ. ಅಲ್ಲಿಗೆ ಹೋಗದೆ ಇಲ್ಲೇ ಉಳಿದದ್ದು ಅವರಿಗೆ ಗೊತ್ತಿದ್ದ ಕೆಲಸ ಇಲ್ಲಿ ಸಿಕ್ಕಿದ್ದರಿಂದ. ಆಗ ವಿಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಸುತ್ತ ಖಾಲಿ ಸೈಟು, ಕಳ್ಳರ ಭಯ. ಮನೆ ಕಟ್ಟಿದವರು ನಾಯಿ ತರುತ್ತಿದ್ದರು. ತಂದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಗೇಟಿಗೆ ಕಟ್ಟಿಹಾಕುತ್ತಿದ್ದರು. ಉಗ್ರಪ್ಪ ಬೆಳಿಗ್ಗೆ ಸೈಕಲ್ಲೇರಿ ಅಂಥ ಮನೆಗಳಿಗೆ ಹೋಗಿ ನಾಯಿಗೂ ಯಜಮಾನನಿಗೂ ಒಟ್ಟಿಗೇ ಪಾಠ ಹೇಳುತ್ತಿದ್ದರು.

“ಕಿರುಚಬೇಡಿ ಸಾರ್. ಅದಕ್ಕೆ ಕಿವಿ ಚೆನ್ನಾಗೇ ಇದೆ. ಒಂದೇ ಸಲ ಮೆತ್ತಗೆ ಹೇಳಿ, ಆಮೇಲೆ ಕಾಯಿರಿ.”

ಸೈನ್ಯದಲ್ಲಿ ಹಿಂದಿ ನಡೆಯುತ್ತಿತ್ತಂತೆ. ಇಲ್ಲಿ ಅವರು ಎಲ್ಲವನ್ನೂ ಕನ್ನಡಕ್ಕೆ ತಂದುಕೊಂಡಿದ್ದರು. ಬಾ, ಕೂರು, ನಿಲ್ಲು, ಬಿಡು. ಸೈನ್ಯದ ನೆನಪಿಗೆ ಉಳಿದದ್ದು ಅವರ ಸ್ವಂತ ನಾಯಿಯ ಹೆಸರು ಮಾತ್ರ, ಬಿಜ್ಲಿ. ರಾಜಾಜಿನಗರದ ಯಾರೋ ಸಾಕಲಾಗದೆ ಕೊಟ್ಟ ಅಲ್ಸೇಷಿಯನ್ ಬೆರಕೆ ಅದು. ಲಿಂಗ ಕಟ್ಟಿದ ಮನೆಯೊಳಗೆ ಮೂಳೆ ಬರಕೂಡದೆಂದು ಅವರ ಹೆಂಡತಿ ನೀಲಗಂಗಮ್ಮ ಹಟ ಹಿಡಿದಿದ್ದರಿಂದ ಬಿಜ್ಲಿ ಮುದ್ದೆ, ಮಜ್ಜಿಗೆ ತಿಂದೇ ಬೆಳೆಯಿತು. ಮಕ್ಕಳಿಲ್ಲದ ಮನೆ. ಗಂಡ ಹೆಂಡತಿ ನಡುವೆ ಆಡುವ ಮಾತಿನಲ್ಲಿ ಅರ್ಧ ಆ ನಾಯಿಯ ಬಗ್ಗೆಯೇ.

ಎಪ್ಪತ್ತೈದರ ಚಳಿಗಾಲದಲ್ಲಿ ಅವರ ದನಿ ಒಡೆಯಿತು. ನೆಗಡಿಯೆಂದು ನೀಲಗಂಗಮ್ಮ ಕಷಾಯ ಕೊಟ್ಟರು. ದನಿ ಸರಿಹೋಗಲಿಲ್ಲ, ನುಂಗಿದರೆ ನೋಯತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೂರಿಸಿಕೊಂಡು ಹೇಳಿದರು: “ಗಂಟಲಲ್ಲಿ ಕ್ಯಾನ್ಸರ್ ಇದೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಆಮೇಲೆ ಮಾತು ಬರಲ್ಲ.”

“ಹಂಗಾದ್ರೆ ಬೇಡ ಬಿಡಿ ಸಾರ್” ಎಂದು ಉಗ್ರಪ್ಪ ಎದ್ದೇಬಿಟ್ಟರು. ಮನೆಯಲ್ಲಿ ನೀಲಗಂಗಮ್ಮ ಊಟ ಬಿಟ್ಟು ಅತ್ತರು. ಕೊನೆಗೆ ಉಗ್ರಪ್ಪ ಒಪ್ಪಿದರು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಬಿಜ್ಲಿಯನ್ನು ಮಾಗಡಿ ರಸ್ತೆಯ ಆಚೆ ಬಯಲಿಗೆ ಕರೆದೊಯ್ದು, ಉಳಿದಿದ್ದ ಗೊಗ್ಗರು ದನಿಯಲ್ಲೇ ಕೂರಿಸಿದರು, ನಿಲ್ಲಿಸಿದರು, ದೂರದಿಂದ ಕರೆದರು. ಕತ್ತಲಾಗುವವರೆಗೂ ಅಲ್ಲೇ ಇದ್ದರು.

ಮನೆಗೆ ಬಂದಾಗ ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಒದ್ದೆ ಬಟ್ಟೆ. ಬಿಜ್ಲಿ ಹಾರಿ ಹಾರಿ ಬಂದು ಮೂಸಿತು. ಆಮೇಲೆ ಎದುರಿಗೆ ನಿಂತು ಅವರ ಮುಖವನ್ನೇ ನೋಡಿತು. ಉಗ್ರಪ್ಪ ತುಟಿ ಅಲ್ಲಾಡಿಸಿದರು. ನಾಯಿ ತಲೆ ಓರೆ ಮಾಡಿಕೊಂಡು ಕಾದೇ ಕಾಯಿತು.

ಕೈಸನ್ನೆ ಕಲಿಸಲು ಹೊರಟರು. ಎದುರಿಗಿದ್ದಾಗ ಬಿಜ್ಲಿ ಕೂರುವುದನ್ನು ಕಲಿಯಿತು. ಬೆನ್ನು ತಿರುಗಿಸಿದರೆ ಮುಗಿಯಿತು. ಚಪ್ಪಾಳೆ ತಟ್ಟಿ ಕರೆಯಲು ನೋಡಿದರು. ಬೀದಿಯಲ್ಲಿ ಯಾರು ಚಪ್ಪಾಳೆ ತಟ್ಟಿದರೂ ಅದು ಓಡಿತು. ಒಂದು ದಿನ ಹಾಲಿನವನು ಸುಮ್ಮನೆ “ಬಾ” ಅಂದದ್ದಕ್ಕೆ ಅವನ ಸೈಕಲ್ಲಿನ ಹಿಂದೆ ಸುಂಕದಕಟ್ಟೆಯವರೆಗೂ ಹೋಗಿಬಿಟ್ಟಿತು. ಹುಡುಕಿ ಕರೆತಂದ ಉಗ್ರಪ್ಪ, ಎಂದೂ ನಾಯಿಯ ಮೇಲೆ ಕೈ ಮಾಡದವರು, ಸರಪಳಿಯಿಂದ ಎರಡೇಟು ಬಿಗಿದರು. ಬಿಜ್ಲಿ ನೆಲಕ್ಕೆ ಅಂಟಿಕೊಂಡು ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು. ಅವರು ಸರಪಳಿ ಎಸೆದು ಅದರ ಪಕ್ಕ ಕುಳಿತು ಅತ್ತರು. ಭುಜ ಕುಲುಕುತ್ತಿತ್ತು, ಸದ್ದಿರಲಿಲ್ಲ.

“ನಾನು ಹೇಳ್ತೀನಿ ರೀ, ನೀವು ಸನ್ನೆ ಮಾಡಿ” ಎಂದು ನೀಲಗಂಗಮ್ಮ ಮುಂದೆ ಬಂದರು. “ಕೂತ್ಕೊಳಮ್ಮ ಬಿಜಲಿ, ನಮ್ಮವ್ವ ಅಲ್ವಾ, ಕೂತ್ಕೋ.”

ಉಗ್ರಪ್ಪ ಸ್ಲೇಟು ಎತ್ತಿಕೊಂಡು ‘ಒಂದೇ ಮಾತು’ ಎಂದು ಬರೆದು ಅವರ ಮುಖಕ್ಕೆ ಹಿಡಿದರು.

“ನಂಗೆ ನಿಮ್ಹಂಗೆ ಹೇಳಕ್ಕೆ ಬರಲ್ಲ ರೀ” ಎಂದು ಆಕೆ ಸೋತು ಒಳಗೆ ಹೋದರು.

ಕೆಲಸ ಹೇಗೂ ನಿಂತಿತ್ತು. ಪಾಠಕ್ಕೆ ಕರೆಯುತ್ತಿದ್ದ ಮನೆಗಳವರು ಒಮ್ಮೊಮ್ಮೆ ಬಂದು ಹಣ್ಣು ಕೊಟ್ಟು ಹೋಗುತ್ತಿದ್ದರು. ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು, ಜ್ವರ ಬಂತು. ಡಾಕ್ಟರು ತೂತನ್ನು ಪರೀಕ್ಷಿಸಿ ನೀಲಗಂಗಮ್ಮನವರ ಕಡೆ ತಿರುಗಿದರು.

“ಮನೇಲಿ ನಾಯಿ ಇದೆಯಾ?”

“ಇದೆ ಸಾರ್. ಅವರ ಮಗ್ಗುಲಲ್ಲೇ ಮಲಗುತ್ತೆ.”

“ಅದರ ಕೂದಲು ಇದರೊಳಗಿಂದ ನೇರ ಶ್ವಾಸಕೋಶಕ್ಕೆ ಹೋಗುತ್ತಮ್ಮ. ಮೊದಲು ಅದನ್ನ ಯಾರಿಗಾದ್ರೂ ಕೊಟ್ಬಿಡಿ.”

ಉಗ್ರಪ್ಪ ಬಹಳ ದಿನ ಒಪ್ಪಲಿಲ್ಲ. ನಾಯಿಯನ್ನು ಹೊರಗೆ ಮಲಗಿಸಿದರೆ ತಾವೂ ಚಾಪೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಇನ್ನೊಮ್ಮೆ ಜ್ವರ ಬಂದು ಎದ್ದ ಮೇಲೆ ತಾವಾಗಿಯೇ ಸ್ಲೇಟಿನಲ್ಲಿ ಒಂದು ಹೆಸರು ಬರೆದರು: ಶ್ಯಾಮಸುಂದರ. ಮಹಾಲಕ್ಷ್ಮಿ ಲೇಔಟಿನ ಬ್ಯಾಂಕ್ ಆಫೀಸರು. ಉಗ್ರಪ್ಪನವರಿಂದ ಪಾಠ ಹೇಳಿಸಿಕೊಂಡವರ ಪೈಕಿ ನಿಜಕ್ಕೂ ಕಲಿತವರು ಇವರೊಬ್ಬರೇ. ಇವರ ನಾಯಿ ಹಿಂದಿನ ವರ್ಷ ತೀರಿಕೊಂಡಿತ್ತು.

ಶ್ಯಾಮಸುಂದರ ಆಟೋ ಮಾಡಿಕೊಂಡು ಬಂದರು. ಬಾಗಿಲಲ್ಲಿ ನಿಂತು, “ಬಿಜ್ಲಿ, ಬಾ” ಅಂದರು. ಒಂದೇ ಸಲ, ಮೆತ್ತಗೆ. ಬಿಜ್ಲಿಯ ಕಿವಿ ನೆಟ್ಟಗಾಯಿತು. ಎದ್ದು ಸೀದಾ ಅವರ ಬಳಿ ಹೋಗಿ ನಿಂತಿತು. ಆಟೋ ಹತ್ತುವಾಗ ತಿರುಗಿಯೂ ನೋಡಲಿಲ್ಲ.

ದಸರಾ ಕಳೆದ ಮೇಲೆ ಗಂಡ ಹೆಂಡತಿ ಬಸ್ಸು ಹಿಡಿದು ನೋಡಲು ಹೋದರು. ಉಗ್ರಪ್ಪ ತೂತಿಗೆ ಒಗೆದ ಬಟ್ಟೆ ಕಟ್ಟಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. ಗೇಟು ತೆಗೆದದ್ದೇ ಜಗಲಿಯ ಮೇಲಿದ್ದ ಬಿಜ್ಲಿ ಕುಂಯ್‌ಗುಡುತ್ತಾ ಮೈಯೆಲ್ಲಾ ಕುಣಿಸಿಕೊಂಡು ಓಡಿಬಂತು. ಗೇಟು ತೆರೆದ ಸದ್ದು ಕೇಳಿ, ನಾಯಿ ರಸ್ತೆಗೆ ನುಗ್ಗೀತೆಂದು ಶ್ಯಾಮಸುಂದರ ಒಳಗಿನಿಂದಲೇ, “ಬಿಜ್ಲಿ, ನಿಲ್ಲು” ಎಂದರು.

ಬಿಜ್ಲಿ ಅಂಗಳದ ನಡುವೆ ನಿಂತುಬಿಟ್ಟಿತು. ಉಗ್ರಪ್ಪ ಕೈ ಚಾಚಿ ಸನ್ನೆ ಮಾಡಿದರು. ನಾಯಿಯ ಕಣ್ಣು ಅವರ ಮೇಲೆಯೇ ಇತ್ತು, ಬಾಲ ಅಲ್ಲಾಡುತ್ತಿತ್ತು, ಮುಂಗಾಲು ನಡುಗುತ್ತಿತ್ತು. ಕಾಲು ಮಾತ್ರ ಎತ್ತಿಡಲಿಲ್ಲ. ಇನ್ನೊಮ್ಮೆ ಸನ್ನೆ ಮಾಡಿದರು. ಇಲ್ಲ.

ಶ್ಯಾಮಸುಂದರ ಹೊರಗೆ ಬಂದು ಗಾಬರಿಯಾದರು. “ಅಯ್ಯೋ, ನೀವು ಅಂತ ಗೊತ್ತಾಗ್ಲಿಲ್ಲ ಉಗ್ರಪ್ಪನವರೇ! ಬನ್ನಿ, ಬನ್ನಿ ಒಳಗೆ. ಬಿಜ್ಲಿ...”

ಉಗ್ರಪ್ಪ ಬೇಡವೆಂದು ಕೈ ಎತ್ತಿ ತಡೆದರು. ಹಿಂದೆ ಸರಿದು ಗೇಟಿನ ಚಿಲಕ ಹಾಕಿ, ಕೈ ಮುಗಿದು, ಬಸ್‌ಸ್ಟಾಪಿನ ಕಡೆ ನಡೆದೇಬಿಟ್ಟರು.

“ಒಂದ್ಸಲ ಮೈ ಸವರಿ ಬರಬಾರ್ದಿತ್ತೇನ್ರೀ?” ಎಂದು ನೀಲಗಂಗಮ್ಮ ಬಸ್ಸಿನಲ್ಲಿ ಕೇಳಿದರು. ಚೀಲದಿಂದ ಸ್ಲೇಟು ತೆಗೆದುಕೊಟ್ಟರು. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕುಳಿತರು.

ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಯುಗಾದಿಗೆ ಮುಂಚೆ ಉಗ್ರಪ್ಪ ತೀರಿಕೊಂಡರು. ಮಣ್ಣಿಗೆ ಬಂದಿದ್ದ ಶ್ಯಾಮಸುಂದರ ನೀಲಗಂಗಮ್ಮನವರ ಬಳಿ ಬಂದು, “ನಾಯೀನ ನಿಮಗೇ ತಂದ್ಬಿಡ್ಲಾಮ್ಮ?” ಎಂದು ಕೇಳಿದರು. ಆಕೆ ತಲೆ ಅಲ್ಲಾಡಿಸಿದರು.

“ನಾನು ಕರೆದ್ರೆ ಅದು ಬರಲ್ಲಪ್ಪ. ಅಲ್ಲೇ ಇರ್ಲಿ.”