ಗೋಲ್‌ಕೀಪರ್ ಅನ್ಸಾರ್‌ನ ಶುಕ್ರವಾರಗಳು

ನಮ್ಮ ನಡುಪೊಯ್ಯೆ ಕಾಲೇಜಿನ ಹೆಸರನ್ನು ಮಂಗಳೂರಿನ ಆಚೆ ಯಾರೂ ಕೇಳಿರಲಿಕ್ಕಿಲ್ಲ. ಎರಡು ಹೆಂಚಿನ ಕಟ್ಟಡ, ಮುನ್ನೂರು ಮಕ್ಕಳು, ಹೊಳೆಯ ಕಡೆಗೆ ಇಳಿಜಾರಾದ ಒಂದು ಮೈದಾನ. ಚೆಂಡು ಹೊಳೆಗೆ ಬಿದ್ದರೆ ಆಟ ನಿಲ್ಲಿಸಿ ದೋಣಿಯವನನ್ನು ಕೂಗಬೇಕು. ಅಂಥ ಕಾಲೇಜಿನ ಫುಟ್‌ಬಾಲ್ ತಂಡಕ್ಕೂ ಸೌದಿಯ ರಾಸ್ ತನೂರಾದಲ್ಲಿ ಅಭಿಮಾನಿಗಳಿದ್ದರು. ಎಷ್ಟು ಮಂದಿ ಎಂದು ಕೇಳಬೇಡಿ. ಎಲ್ಲರೂ ಬಂದ ದಿನವೂ ನೊರ್ಬರ್ಟ್‌ನ ಮನೆಯ ಸೋಫಾ ಪೂರ್ತಿ ತುಂಬುತ್ತಿರಲಿಲ್ಲ.

ನೊರ್ಬರ್ಟ್ ಒಂದು ಗುತ್ತಿಗೆ ಕಂಪನಿಯ ಆಫೀಸಿನಲ್ಲಿದ್ದ. ಹೆಂಡತಿ ಡೊರೊತಿ, ಮಗಳು ಡೀನಾಳ ಜೊತೆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ವಾಸ. ನಾನು, ಹುಸೈನ್, ಅಬ್ಕೈಕ್‌ನಲ್ಲಿ ಟೆಕ್ನಿಶಿಯನ್. ಶುಕ್ರವಾರ ಜುಮಾ ನಮಾಜ್ ಮುಗಿಸಿ ಕಾರು ಹತ್ತಿದರೆ ನೇರ ಅವರ ಮನೆಗೆ. ಮೂರನೆಯವನು ಅನ್ಸಾರ್. ಏಸಿ ರಿಪೇರಿ ಅವನ ಕೆಲಸ. ನಾವಿಬ್ಬರು ಬದಿಯಲ್ಲಿ ನಿಂತು ಕೂಗಿದವರು, ಆಡಿದವನು ಅವನೊಬ್ಬನೇ. ಓದಿದಷ್ಟು ವರ್ಷವೂ ನಡುಪೊಯ್ಯೆಯ ಗೋಲು ಕಾದವನು.

"ಸೀನನಂಥ ಎಡಗಾಲು ಇನ್ನು ಬರ್ಲಿಕ್ಕಿಲ್ಲ," ಎಂದು ನೊರ್ಬರ್ಟ್ ಶುರು ಮಾಡುತ್ತಿದ್ದ. ಸೀನ ನಮ್ಮ ಕಾಲದ ಫಾರ್ವರ್ಡ್, ಬರಿಗಾಲಲ್ಲೇ ಆಡುತ್ತಿದ್ದವ.

"ಆದ್ರೆ ಫೈನಲ್ಲಿನ ಗೋಲು ಆಫ್‌ಸೈಡೇ," ಎಂದು ನಾನು.

"ಎಂತ ಆಫ್‌ಸೈಡ್! ನೀನು ಆಗ ಕಡ್ಲೆ ತಿಂತಾ ಇದ್ದದ್ದು ಮಾರಾಯ."

ತೀರ್ಪಿಗೆ ಅನ್ಸಾರ್‌ನ ಕಡೆ ತಿರುಗುತ್ತಿದ್ದೆವು. ಅವನು ನಕ್ಕು, "ನಾನು ಮೈದಾನದ ಆಚೆ ತುದಿಯಲ್ಲಿದ್ದೆ. ನಂಗೆ ಕಂಡದ್ದು ಸೀನನ ಬೆನ್ನು ಮಾತ್ರ," ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಉತ್ತರ. ಪ್ರತಿ ಸಲವೂ ನಮಗೆ ಸಿಟ್ಟು.

ಎರಡು ಸಾವಿರದ ಹದಿನೇಳರ ಆರಂಭದಲ್ಲಿ ಊರಿಂದ ಒಂದು ಸುದ್ದಿ ಬಂತು. ಕಾಲೇಜಿಗೆ ಅಬ್ದುಲ್ ಹಮೀದ್ ಎಂಬ ಹೊಸ ಆಟದ ಮೇಷ್ಟ್ರು ಬಂದಿದ್ದರು. ಎಷ್ಟೋ ವರ್ಷದಿಂದ ಇಲ್ಲದ ತಂಡವನ್ನು ಅವರು ಮತ್ತೆ ಕಟ್ಟುತ್ತಾರಂತೆ, ಬರುವ ಸೀಸನ್ನಿನಲ್ಲಿ ಅಂತರ ಕಾಲೇಜು ಪಂದ್ಯಕ್ಕೆ ಇಳಿಸುತ್ತಾರಂತೆ. ಆದರೆ ಗೋಲು ಕಾಯಲು ಒಬ್ಬನೂ ತಯಾರಿಲ್ಲ, ಎಲ್ಲರಿಗೂ ಗೋಲು ಹೊಡೆಯುವ ಹುಚ್ಚು. ನಮಗೆ ಹಬ್ಬ ಬಂದಂತಾಯಿತು. ಯಾರನ್ನು ಎಲ್ಲಿ ಆಡಿಸಬೇಕೆಂದು, ಮುಖ ನೋಡದ ಹುಡುಗರ ಬಗ್ಗೆ ಇಲ್ಲಿಂದಲೇ ಜಗಳ ಮಾಡಿದೆವು.

ಅದೇ ಸಮಯಕ್ಕೆ ಅನ್ಸಾರ್‌ನ ಕಫೀಲ್, ಎಂದರೆ ಅವನನ್ನು ವೀಸಾದಲ್ಲಿ ಕರೆಸಿದ ಧಣಿ, ಅಂಗಡಿ ಮುಚ್ಚಿದ. "ಬೇರೆ ಕಡೆ ಕೆಲಸ ನೋಡಿಕೋ" ಎಂದು ಬಾಯಲ್ಲಿ ಹೇಳಿ ಕಳಿಸಿದ. ಅನ್ಸಾರ್ ನಂಬಿದ. ಇಕಾಮಾದ, ಅಂದರೆ ವಾಸದ ಪರವಾನಗಿಯ, ನವೀಕರಣ ಏನಾಯಿತು ಎಂದು ನೊರ್ಬರ್ಟ್ ಒಮ್ಮೆ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದಾಗ ಅವನ ಹೆಸರಿನ ಮುಂದೆ ಹುರೂಬ್ ಎಂದಿತ್ತು. ಕೆಲಸ ಬಿಟ್ಟು ಓಡಿಹೋದವನು ಎಂದು ಧಣಿಯೇ ದೂರು ಕೊಟ್ಟಿದ್ದ.

"ನಾನು ಎಲ್ಲಿಗೆ ಓಡಿದ್ದು?" ಎಂದು ಅನ್ಸಾರ್ ನಮ್ಮನ್ನೇ ಕೇಳಿದ. "ನಾನು ಇಲ್ಲೇ ಇದ್ದೇನಲ್ಲ."

ಅವನು ಬದಲಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಪೆನಾಲ್ಟಿ ಹೊಡೆಯುವವನ ಎದುರು ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದ ಮನುಷ್ಯ, ಆಂಬುಲೆನ್ಸಿನ ಸದ್ದು ಕೇಳಿದರೂ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಬಸ್ಸು ಹತ್ತುವುದನ್ನು ಬಿಟ್ಟ. ಬಕಾಲಾಕ್ಕೆ, ನಮ್ಮ ಮೂಲೆಯಂಗಡಿಗೆ, ಹೋಗುವುದನ್ನೂ ಬಿಟ್ಟ. ಅವನಿದ್ದ ಕಾರ್ಮಿಕರ ವಸತಿಯ ಪಕ್ಕದ ಕಟ್ಟಡಕ್ಕೆ ಪೊಲೀಸರು ಬಂದು ಆರೇಳು ಜನರನ್ನು ವ್ಯಾನಿಗೆ ತುಂಬಿಕೊಂಡು ಹೋದ ಮೇಲೆ ನೊರ್ಬರ್ಟ್ ಅವನನ್ನು ಮನೆಗೆ ಕರೆತಂದು ಡೀನಾಳ ಕೋಣೆ ಬಿಟ್ಟುಕೊಟ್ಟ. ಅಂಥವನನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧವೇ. ಸಿಕ್ಕಿಬಿದ್ದರೆ ನೊರ್ಬರ್ಟ್‌ನ ಕೆಲಸ, ಡೀನಾಳ ಶಾಲೆ, ಎಲ್ಲ ಹೋದಂತೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಡೊರೊತಿ ಮಾತ್ರ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗದಂತೆ ಇಡಲು ಕಲಿತಳು.

ಶುಕ್ರವಾರದ ಮಾತು ಮುಂದುವರಿಯಿತು, ಆದರೆ ಪಿಸುಮಾತಿನಲ್ಲಿ. ಕಿಟಕಿ ಮುಚ್ಚಿ, ಟಿವಿ ಸಣ್ಣಗೆ ಹಾಕಿ, ಹೊಸ ತಂಡದ ಬಗ್ಗೆ ಮಾತಾಡುತ್ತಿದ್ದೆವು. ಒಂದು ದಿನ ಮಾತು ಮತ್ತೆ ಸೀನನ ಕಡೆ ತಿರುಗಿ, ಆ ಭರದಲ್ಲಿ ನೊರ್ಬರ್ಟ್‌ನ ದನಿ ಏರಿತು. "ಎಂಥಾ ಗೋಲು ಅದು!" ಎಂದು ಅವನು ತೊಡೆ ತಟ್ಟಿದ್ದೇ ತಡ, ಬಾಗಿಲು ಬಡಿದ ಸದ್ದಾಯಿತು.

ಮತ್ತೆ ಬಡಿತ, ಈ ಸಲ ಅಂಗೈಯಲ್ಲಿ. ಅನ್ಸಾರ್ ಬೆಕ್ಕಿನಂತೆ ಎದ್ದು ಡೀನಾಳ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಡೊರೊತಿ ಮೈಮೇಲೆ ಕಪ್ಪು ಅಬಾಯಾ ಎಳೆದುಕೊಂಡು ಹೊರಗೆ ಬಂದಳು. ನೊರ್ಬರ್ಟ್ ಬಾಗಿಲು ತೆರೆದ.

ಕಟ್ಟಡದ ಕಾವಲುಗಾರ, ಅವನ ಹಿಂದೆ ಒಬ್ಬ ಎಳೆ ವಯಸ್ಸಿನ ಪೊಲೀಸ್.

"ಇಕಾಮಾ," ಎಂದ ಪೊಲೀಸ್.

ನೊರ್ಬರ್ಟ್ ಕೊಟ್ಟ. ನಾನೂ ಕೊಟ್ಟೆ. ನನ್ನ ಕಾರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ಪೊಲೀಸ್ ಒಳಗೆ ಕಾಲಿಡಲಿಲ್ಲ, ಹೊಸ್ತಿಲಲ್ಲೇ ನಿಂತು ಮುಚ್ಚಿದ ಕೋಣೆಯತ್ತ ಗದ್ದ ಎತ್ತಿ ತೋರಿಸಿದ. ಅಲ್ಲಿ ಯಾರು?

ಡೊರೊತಿ ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಬಿಂತಿ," ಎಂದಳು. ನನ್ನ ಮಗಳು. ಕೈಯನ್ನು ಕೆನ್ನೆಗಿಟ್ಟು ಮಲಗಿದ್ದಾಳೆ ಎಂದು ತೋರಿಸಿದಳು. ಡೀನಾ ಆಗ ಎರಡು ಬೀದಿ ಆಚೆ ಗೆಳತಿಯ ಮನೆಯಲ್ಲಿದ್ದಳು. ಮೆಟ್ಟಿಲು ಹತ್ತಿ ಬಂದುಬಿಟ್ಟರೆ? ನನಗೆ ಹೊಳೆದದ್ದು ಅದೊಂದೇ. ಮೆಟ್ಟಿಲ ಕಡೆ ನೋಡಬಾರದು, ನೋಡಬಾರದು ಎಂದುಕೊಳ್ಳುತ್ತ ನಾನು ಡೊರೊತಿಯ ಪಾದಗಳನ್ನೇ ನೋಡುತ್ತ ನಿಂತೆ.

ಇಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಪೊಲೀಸ್ ಕಾವಲುಗಾರನನ್ನು ಕೇಳಿದ. ಅನ್ಸಾರ್ ಇಲ್ಲಿರುವುದು ಗೊತ್ತಿದ್ದ ಆ ಬಂಗಾಳಿ ಮುದುಕ ಇಲ್ಲ ಎಂದು ತಲೆ ಅಲ್ಲಾಡಿಸಿದ. ಇಕಾಮಾಗಳು ವಾಪಸ್ಸು ಬಂದವು. "ಯಲ್ಲಾ," ಎಂದು ಅವರು ಪಕ್ಕದ ಫ್ಲ್ಯಾಟಿನ ಬಾಗಿಲಿಗೆ ಹೋದರು.

ಅನ್ಸಾರ್ ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಅಂಗಿ ಬೆವರಿಗೆ ಮೈಗಂಟಿತ್ತು. ಡೊರೊತಿ ಅವನ ಎದುರಿಗೆ ಕೂತಳು.

"ಅನ್ಸಾರ್ ಭಾಯ್, ಬೇಜಾರು ಮಾಡ್ಬೇಡಿ. ನೀವು ಇಲ್ಲಿ ಇರ್ಬಾರ್ದು ಅಂತ ನಾನು ಹೇಳುದಿಲ್ಲ. ಆದ್ರೆ ಇನ್ನೊಂದು ಸಲ ಹಾಗೆ ನಿಲ್ಲಿಕ್ಕೆ ನನ್ನ ಕಾಲಲ್ಲಿ ಶಕ್ತಿ ಇಲ್ಲ."

"ಗೊತ್ತುಂಟು ಡೊರೊತಿ ಬಾಯಿ," ಎಂದ ಅವನು. "ಒಳಗೆ ನನ್ನ ಕಾಲಲ್ಲೂ ಇರ್ಲಿಲ್ಲ."

ಕೆಲವೇ ವಾರಗಳಲ್ಲಿ ಸರ್ಕಾರ ಕ್ಷಮಾದಾನ ಸಾರಿತು. ದಾಖಲೆ ಸರಿಯಿಲ್ಲದವರು ತಾವಾಗಿ ಬಂದು ಹೇಳಿಕೊಂಡರೆ ಶಿಕ್ಷೆಯಿಲ್ಲದೆ ದೇಶ ಬಿಡಬಹುದು, ಹುರೂಬ್ ಆದವರೂ ಸಹ. ಅನ್ಸಾರ್ ನಂಬಲಿಲ್ಲ. ಬಾಯಿಮಾತು ನಂಬಿ ಒಮ್ಮೆ ಕೆಟ್ಟಿದ್ದ. ಹೋದವರನ್ನು ಹಿಡಿದು ಜೈಲಿಗೆ ಹಾಕುತ್ತಾರೆ ಎಂದು ಯಾರೋ ಹಬ್ಬಿಸಿಯೂ ಇದ್ದರು. ಪಾಸ್‌ಪೋರ್ಟ್ ಕಫೀಲ್‌ನ ಹತ್ತಿರವೇ ಇತ್ತು. ನಮ್ಮೂರ ಕಡೆಯ ಕೆಲವು ಸ್ವಯಂಸೇವಕರು ಓಡಾಡಿ ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟ್ ಬದಲಿನ ಪ್ರಯಾಣದ ಚೀಟಿ ಮಾಡಿಸಿಕೊಟ್ಟರು. ಆ ಚೀಟಿ ಕೈಗೆ ಬಂದ ಮೇಲೂ ಅವನು ಮನೆಯಿಂದ ಹೊರಡಲು ಒಪ್ಪಲಿಲ್ಲ. ಕೊನೆಗೆ ನಾನೇ ಹೇಳಿದೆ: "ಕಾರು ನಂದು. ಹಿಡಿದ್ರೆ ನನ್ನನ್ನೂ ಹಿಡೀತಾರೆ. ಹೋಗುವಾ."

ಹೋಗಿ ಹೇಳಿಕೊಳ್ಳಬೇಕಾದ ಕಚೇರಿ ದಮ್ಮಾಮಿನಲ್ಲಿತ್ತು, ದಾರಿಯಲ್ಲಿ ಚೆಕ್‌ಪಾಯಿಂಟ್ ಇತ್ತು. ಕ್ಷಮಾದಾನದ ಸುದ್ದಿ ಪತ್ರಿಕೆಯಲ್ಲೇನೋ ಬಂದಿತ್ತು, ಆದರೆ ಅಲ್ಲಿ ನಿಂತ ಪೊಲೀಸ್ ಪತ್ರಿಕೆ ಓದಿದ್ದಾನೋ ಇಲ್ಲವೋ. ಕಾರುಗಳ ಸಾಲು ಇಂಚಿಂಚಾಗಿ ಸರಿಯುತ್ತಿತ್ತು. ಅನ್ಸಾರ್ ಎರಡೂ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡಿದ್ದ.

"ಹುಸೈನ್, ಎಂತಾದ್ರೂ ಮಾತಾಡು."

"ಎಂತ ಮಾತಾಡುದು?"

"ತಂಡದ್ದು. ಗೋಲಿಗೆ ಯಾರನ್ನ ಹಾಕಿದ್ದಾರಂತೆ?"

"ಫಾರಿಸ್ ಅಂತ ಒಬ್ಬ. ಉದ್ದ ಇದ್ದಾನಂತೆ. ಚೆಂಡು ಬಂದ್ರೆ ಕಣ್ಣು ಮುಚ್ತಾನಂತೆ."

"ಎಲ್ಲರೂ ಮುಚ್ತಾರೆ ಮೊದ್ಲು," ಎಂದ ಅನ್ಸಾರ್. "ಮೆಲ್ಲ ಎಸೆದು ಅಭ್ಯಾಸ ಮಾಡಿಸ್ಬೇಕು. ಹೆದ್ರಿಕೆ ಕೈಗೆ ಅಲ್ಲ, ಕಣ್ಣಿಗೆ ಇರುದು."

ನಮ್ಮ ಸರದಿ ಬಂತು. ಪೊಲೀಸ್ ಬಗ್ಗಿ ನನ್ನ ಮುಖ ನೋಡಿದ, ಅನ್ಸಾರ್‌ನ ಮುಖ ನೋಡಿದ. ಹಿಂದಿನ ಲಾರಿ ಹಾರನ್ ಹೊಡೆಯಿತು. ಪೊಲೀಸ್ ಸಿಡುಕಿ, ಹೋಗಿ ಎಂದು ಕೈ ಬೀಸಿದ. ಸ್ವಲ್ಪ ದೂರ ಹೋಗಿ ನಾನು ಕಾರು ಬದಿಗೆ ಹಾಕಿದೆ. ಅನ್ಸಾರ್ ಇಳಿದು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಾಟಲಿಯ ನೀರನ್ನೆಲ್ಲ ತಲೆಗೆ ಸುರಿದುಕೊಂಡ.

ಕಚೇರಿಯಲ್ಲಿ ಬೆರಳಚ್ಚು ತೆಗೆದ ಅಧಿಕಾರಿ ಪರದೆ ನೋಡಿ, ಕುರ್ಚಿ ತಿರುಗಿಸಿ ಇನ್ನೊಬ್ಬನನ್ನು ಕರೆದ. ಇಬ್ಬರೂ ಅನ್ಸಾರ್‌ನನ್ನು ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಹಾಕಿದರು. ನಾನು ಹೊರಗೆ ಗೊತ್ತಿದ್ದ ದುವಾ ಎಲ್ಲ ಹೇಳಿಕೊಂಡೆ. ಊರಲ್ಲಿದ್ದ ಅವನ ಹೆಂಡತಿಗೆ ಏನೆಂದು ಫೋನ್ ಮಾಡುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದಾಗ ಅವನ ಕೈಯಲ್ಲಿ ದೇಶ ಬಿಡುವ ಅನುಮತಿಯ ಮುದ್ರೆ ಬಿದ್ದ ಕಾಗದವಿತ್ತು. ಅವನು ಅದನ್ನು ನನಗೆ ಕೊಡಲಿಲ್ಲ, ತೋರಿಸಲೂ ಇಲ್ಲ, ಎದೆಗೆ ಒತ್ತಿಕೊಂಡೇ ಕಾರಿನವರೆಗೆ ನಡೆದ.

"ಒಳಗೆ ಎಂತ ಕೇಳಿದ್ರು?"

"ಊರಿಗೆ ಹೋಗ್ಲಿಕ್ಕೆ ಖುಷಿ ಉಂಟಾ ಅಂತ ಕೇಳಿದ್ರು," ಎಂದ. "ನಾನು ಮೊದ್ಲು ಕಾಗದ ಕೊಡಿ ಅಂದೆ."

ರಂಜಾನ್‌ಗೆ ಮುಂಚೆ ಅವನು ಊರು ಸೇರಿದ. ಅಲ್ಲಿಯೂ ಏಸಿ ರಿಪೇರಿಯನ್ನೇ ಹಿಡಿದ. ಸಂಜೆ ಹೊತ್ತು ಹಮೀದ್ ಮೇಷ್ಟ್ರ ಜೊತೆ ಮೈದಾನಕ್ಕೆ ಹೋಗಿ ಫಾರಿಸ್‌ಗೆ ಮೆಲ್ಲಗೆ ಚೆಂಡು ಎಸೆಯತೊಡಗಿದ. ಮಳೆ ಬಿಟ್ಟ ಮೇಲೆ ಸೀಸನ್ ಶುರುವಾಯಿತು. ನಡುಪೊಯ್ಯೆ ಮೊದಲ ಪಂದ್ಯ ಗೆದ್ದಿತು, ಎರಡನೆಯದರಲ್ಲಿ ಸೋತು ಹೊರಬಿತ್ತು.

ಸೋತ ವಾರದ ಶುಕ್ರವಾರ ಅನ್ಸಾರ್ ನೊರ್ಬರ್ಟ್‌ನ ಮನೆಗೆ ಫೋನ್ ಮಾಡಿದ. ಫಾರಿಸ್ ಒಂದು ಪೆನಾಲ್ಟಿಯನ್ನು ಕಣ್ಣು ಬಿಟ್ಟೇ ತಡೆದನಂತೆ. ಆದರೆ ಅದನ್ನು ಅನ್ಸಾರ್ ನೋಡಲಿಲ್ಲ. ಬಂದೋಬಸ್ತಿಗೆಂದು ಇಬ್ಬರು ಪೊಲೀಸರು ಗೇಟಿನ ಹತ್ತಿರ ಬಂದು ನಿಂತಿದ್ದರು, ಅವನಿಗೆ ಅರಿವಿಲ್ಲದೆಯೇ ಕಾಲು ಅವನನ್ನು ಕಾಲೇಜಿನ ಹಿಂಬದಿಗೆ ಒಯ್ದಿತ್ತು. ಹುಡುಗರ ಕೇಕೆ ಕೇಳಿದ ಮೇಲೆಯೇ ತಾನು ಎಲ್ಲಿದ್ದೇನೆಂದು ಗೊತ್ತಾಯಿತಂತೆ.

"ರಾತ್ರಿ ನಿದ್ರೆ ಬರ್ತದಂತಾ ಅವರಿಗೆ? ಕೇಳಿ," ಎಂದಳು ಡೊರೊತಿ ಅಡಿಗೆಮನೆಯಿಂದ.

ನೊರ್ಬರ್ಟ್ ಕೇಳಿದ.

"ಬರ್ತದೆ," ಎಂದ ಅನ್ಸಾರ್. "ಮನೆಯವಳು ಬಾಗಿಲಿನ ಬದಿಗೆ ಮಲಗಿದ್ರೆ ಬರ್ತದೆ."